ಎಣ್ಣೆ ಮೆತ್ತಿದ ಕೈಪಿಡಿ

ನಮ್ಮ ತೀರ್ಥರೂಪರು ಸ್ವರ್ಗಸ್ಥರಾದ ಮರುವರ್ಷ, ಅಂದರೆ 2023ರ ಮಳೆಗಾಲದಲ್ಲಿ, ತೀರ್ಥಹಳ್ಳಿಯ ಹಳೆಯ ಮನೆಯನ್ನು ತೆರವುಮಾಡಬೇಕಾಗಿ ಬಂದಿತು. ಮಾತೃಶ್ರೀಯವರನ್ನು ಮೈಸೂರಿಗೆ ನಮ್ಮ ಬಳಿಗೆ ಕರೆತರುವುದೆಂದು ನಿಶ್ಚಯವಾಗಿತ್ತು. ನಲವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದ ಸಂಸಾರದಲ್ಲಿ ಎಷ್ಟು ಸಾಮಾನು ಕೂಡಿರುವುದೆಂಬುದನ್ನು ಗೃಹಸ್ಥರಾದ ವಾಚಕರಿಗೆ ನಾವು ವಿವರಿಸಬೇಕಾದುದಿಲ್ಲ. ತಾಮ್ರದ ಹಂಡೆಗೆ ವಾರಸುದಾರರು ಸಿಕ್ಕಿದರು, ತೊಟ್ಟಿಲಿಗೂ ಸಿಕ್ಕಿದರು. ಕಡೆಗೆ ರದ್ದಿಯವನು ತಕ್ಕಡಿ ಹಿಡಿದು ಜಗಲಿಯ ಮೇಲೆ ಕುಳಿತಾಗ, ಹಳೆಯ ಪುಸ್ತಕಗಳ ರಾಶಿಯಿಂದ ಒಂದು ದಪ್ಪ ಗ್ರಂಥವನ್ನು ಮಾತ್ರ ಮಾತೃಶ್ರೀಯವರು ಬೇರೆಯಾಗಿ ತೆಗೆದಿಟ್ಟು, "ಇದನ್ನು ಏನು ಮಾಡುವುದು ಮಾಣಿ? ನೀನೇ ಹೇಳು" ಎಂದರು.

ಆ ಗ್ರಂಥಕ್ಕೆ ಖಾಕಿ ಬಟ್ಟೆಯ ಹೊದಿಕೆ. ಅದನ್ನು ಹೊಲಿದವರು ಮಾತೃಶ್ರೀಯವರೇ. ಹೊದಿಕೆಯ ಮೇಲೆ ಕಪ್ಪು ಎಣ್ಣೆಯ ಬೆರಳಚ್ಚುಗಳು. ಹಾಳೆಗಳನ್ನು ತೆರೆದರೆ ಇಂದಿಗೂ ಸೀಮೆಎಣ್ಣೆಯ ವಾಸನೆ. ಅದು ಇಂಗ್ಲೆಂಡಿನಲ್ಲಿ ಅಚ್ಚಾದ, ಫಿಯೆಟ್ 1100 ಎಂಬ ಇಟಲಿಯ ಮೋಟಾರುಗಾಡಿಯ ದುರಸ್ತಿಯ ಕೈಪಿಡಿ.

ನಮ್ಮ ತೀರ್ಥರೂಪರು ಹೈಸ್ಕೂಲಿನಲ್ಲಿ ಗಣಿತ ಬೋಧಿಸುತ್ತಿದ್ದವರು. ಯಂತ್ರವಿದ್ಯೆಯನ್ನು ಕ್ರಮವಾಗಿ ಕಲಿತವರಲ್ಲ. 1986ರಲ್ಲಿ ಅವರು ಕೂಡಿಟ್ಟ ಹಣವನ್ನೆಲ್ಲ ಸುರಿದು ಒಂದು ಹಳೆಯ ಪ್ರೀಮಿಯರ್ ಪದ್ಮಿನಿಯನ್ನು ಕೊಂಡರು. ಫಿಯೆಟ್ 1100ರ ವಂಶದಲ್ಲಿಯೇ ಹುಟ್ಟಿ, ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಗಾಡಿ ಅದು. ಗಾಡಿಯನ್ನು ಕೊಂಡು ಕೈ ಬರಿದಾದ ಮೇಲೆ ಪ್ರತಿಯೊಂದು ಸಣ್ಣ ರಿಪೇರಿಗೂ ಶಿವಮೊಗ್ಗದ ಗ್ಯಾರೇಜಿಗೆ ಹೋಗುವಷ್ಟು ಅನುಕೂಲ ಉಪಾಧ್ಯಾಯರಿಗೆ ಎಲ್ಲಿಂದ ಬರಬೇಕು? ಉತ್ತರಪತ್ರಿಕೆಗಳನ್ನು ತಿದ್ದಲು ಬೆಂಗಳೂರಿಗೆ ಹೋಗಿದ್ದಾಗ, ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ಈ ಕೈಪಿಡಿ ಅವರ ಕಣ್ಣಿಗೆ ಬಿದ್ದಿತು. ಅಂದಿನಿಂದ ರಾತ್ರಿ ಊಟವಾದ ಮೇಲೆ ಅದರ ಪಾರಾಯಣ ಆರಂಭವಾಯಿತು. ಪಂಚಾಂಗವನ್ನು ನೋಡುವಾಗ ಇರುತ್ತಿದ್ದ ಗಾಂಭೀರ್ಯವೇ ಈ ಪುಸ್ತಕವನ್ನು ಓದುವಾಗಲೂ ಅವರ ಮುಖದಲ್ಲಿರುತ್ತಿತ್ತು.

ಪುಸ್ತಕವು ಎಲ್ಲವನ್ನೂ ಬಲ್ಲದ್ದೇನೂ ಆಗಿರಲಿಲ್ಲ. ಪರದೇಶದ ಗಾಡಿಗೆಂದು ಬರೆದ ಮಾತು ನಮ್ಮ ಪದ್ಮಿನಿಗೆ ಎಲ್ಲೆಡೆಯೂ ಹೊಂದುತ್ತಿರಲಿಲ್ಲ. ಮೊದಲ ಸಲ ಕಾರ್ಬೊರೇಟರನ್ನು ಬಿಚ್ಚಿದಾಗ, ಅದರ ಭಾಗಗಳನ್ನು ತೊಳೆಯಲು ಅವರು ಮಾತೃಶ್ರೀಯವರ ಹಿತ್ತಾಳೆಯ ತಟ್ಟೆಯನ್ನೇ ಹೇಳದೆ ಕೇಳದೆ ತಂದುಕೊಂಡಿದ್ದರು. ಎಲ್ಲವನ್ನೂ ಜೋಡಿಸಿ ಮುಗಿಸಿದ ಮೇಲೆ ತಟ್ಟೆಯಲ್ಲಿ ಒಂದು ಸಣ್ಣ ಸ್ಪ್ರಿಂಗು ಉಳಿದುಹೋಯಿತು. "ಬಿಚ್ಚಿದ ಹಾಗೆಯೇ ತಿರುಗಿ ಕೂಡಿಸಿದರಾಯಿತೆಂದು ಇದರಲ್ಲಿ ಬರೆದಿದ್ದಾನೆ. ಆ ಮಹಾರಾಯ ಈ ಸ್ಪ್ರಿಂಗನ್ನು ಕಂಡಂತಿಲ್ಲ" ಎಂದು ಅವರು ಹೇಳಿದುದು ಮನೆಯಲ್ಲಿ ಬಹುಕಾಲ ಗಾದೆಯಂತೆ ಬಳಕೆಯಲ್ಲಿತ್ತು. ಇಂತಹ ಒಂದೊಂದು ಅನುಭವವೂ ಪೆನ್ಸಿಲಿನಿಂದ ಪುಸ್ತಕದ ಅಂಚನ್ನು ಸೇರಿತು. ನಮ್ಮ ಗಾಡಿಯಲ್ಲಿ ಈ ಬೋಲ್ಟು ಎಡಗಡೆ ಇದೆ. ಇದನ್ನು ಬಿಚ್ಚುವ ಮುನ್ನ ಚಿತ್ರ ಬರೆದುಕೊಳ್ಳತಕ್ಕದ್ದು. ಈ ಕೆಲಸ ನಮ್ಮಿಂದಾಗದು, ಗ್ಯಾರೇಜಿಗೆ ಕೊಡುವುದು—ಹೀಗೆ. ಮೊದಲ ಖಾಲಿ ಹಾಳೆಯಲ್ಲಿ ಮಾತ್ರ ಶಾಯಿಯಿಂದ ದೊಡ್ಡದಾಗಿ ಬರೆದಿದ್ದರು: "ಮೊದಲು ನೋಡು, ಆಮೇಲೆ ಮುಟ್ಟು, ಕಡೆಗೆ ಬಿಚ್ಚು."

ಆ ಪುಸ್ತಕದ ಬೆಲೆ ನಮಗೆ ಮನದಟ್ಟಾದುದು 1989ರ ಜುಲೈ ತಿಂಗಳ ಒಂದು ರಾತ್ರಿ. ನಮ್ಮ ಅಕ್ಕ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ದಿನ ತುಂಬುವ ಮೊದಲೇ ನೋವು ಕಾಣಿಸಿತು. ಊರಿನ ವೈದ್ಯರು ಬಂದು ನೋಡಿ, ತಡಮಾಡದೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿರೆಂದರು. ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರು. ತುಂಗೆಯ ದಡದ ಕಾಡುದಾರಿ. ಮಲೆನಾಡಿನ ಆಷಾಢದ ಮಳೆ. ಮಂಡಗದ್ದೆಯನ್ನು ದಾಟಿ ಸ್ವಲ್ಪ ದೂರ ಹೋಗಿರಬಹುದು. ಗಾಡಿ ಎರಡು ಸಲ ಮುಗ್ಗರಿಸಿ ನಿಂತುಬಿಟ್ಟಿತು. ಹಿಂದಿನ ಸೀಟಿನಲ್ಲಿ ಅಕ್ಕ ಮಾತೃಶ್ರೀಯವರ ತೊಡೆಯ ಮೇಲೆ ತಲೆಯಿಟ್ಟು ನರಳುತ್ತಿದ್ದಳು. ಮುಂದೆಯೂ ಹಿಂದೆಯೂ ಒಂದು ದೀಪವಿಲ್ಲ.

ಭಾವನವರು ಕಂಬಳಿಕೊಪ್ಪೆಯನ್ನು ಬಾನೆಟ್ಟಿನ ಮೇಲೆ ಮಾಡಿನಂತೆ ಹರಡಿ ಹಿಡಿದರು. ಹನ್ನೆರಡು ವರ್ಷದವರಾಗಿದ್ದ ನಮ್ಮ ಒಂದು ಕೈಗೆ ಟಾರ್ಚನ್ನೂ ಮತ್ತೊಂದಕ್ಕೆ ಪುಸ್ತಕವನ್ನೂ ಕೊಟ್ಟು, ತೀರ್ಥರೂಪರು "ಗಟ್ಟಿಯಾಗಿ ಓದು ಮಾಣಿ, ಒಂದು ಸಾಲನ್ನೂ ಬಿಡಬೇಡ" ಎಂದರು. ಎಂಜಿನು ನಿಂತಾಗ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಪರೀಕ್ಷಿಸಬೇಕೆಂಬ ಒಂದು ಕೋಷ್ಟಕ ಅದರಲ್ಲಿತ್ತು. ನಾವು ನಡುಗುವ ಧ್ವನಿಯಲ್ಲಿ ಓದಿದೆವು. ಅವರು ಒಂದೊಂದನ್ನೇ ನೋಡುತ್ತ ಬಂದರು. ಪೆಟ್ರೋಲು ಬರುತ್ತಿದೆಯೇ? ಬರುತ್ತಿದೆ. ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವವೇ? ಒರೆಸಿದರು, ಗಾಡಿ ಹೊರಡಲಿಲ್ಲ. ಪ್ಲಗ್ಗಿನಲ್ಲಿ ಕಿಡಿ ಇದೆಯೇ? ಇಲ್ಲ. ಹಾಗಾದರೆ ಪಾಯಿಂಟುಗಳನ್ನು ನೋಡತಕ್ಕದ್ದು. ಎಂಜಿನು ತಿರುಗುವಾಗ ಪಾಯಿಂಟುಗಳೆಂಬ ಎರಡು ಸಣ್ಣ ಲೋಹದ ತುದಿಗಳು ಕೂಡುತ್ತ ಅಗಲುತ್ತ ಇರಬೇಕು. ಅವು ಅಗಲುವ ಕ್ಷಣದಲ್ಲಿಯೇ ಕಿಡಿ ಹುಟ್ಟುವುದು. ಅವನ್ನು ಅಗಲಿಸುವ ಚಿಕ್ಕ ಹಿಮ್ಮಡಿ ಸವೆದುಹೋಗಿ, ಅವು ಕೂಡಿದಂತೆಯೇ ನಿಂತಿದ್ದವು.

ನಡುವಣ ಅಂತರವನ್ನು ಅಳೆಯುವ ಫೀಲರ್ ಗೇಜ್ ಮನೆಯಲ್ಲಿಯೇ ಉಳಿದಿತ್ತು. ಅವರು ಒಂದು ಕ್ಷಣ ಯೋಚಿಸಿ, ಗಾಡಿಯೊಳಗೆ ಬಿದ್ದಿದ್ದ ಮದುವೆಯ ಕರೆಯೋಲೆಯೊಂದನ್ನು ಕೇಳಿ ತರಿಸಿಕೊಂಡರು. ಭಾವನವರು ಗಾಡಿಯನ್ನು ಟಾಪ್ ಗೇರಿನಲ್ಲಿಟ್ಟು, ಮಳೆಯಲ್ಲಿ ನೆನೆಯುತ್ತ, ಎಂಜಿನು ಬೇಕಾದ ಸ್ಥಾನಕ್ಕೆ ತಿರುಗುವವರೆಗೆ ಅಂಗುಲ ಅಂಗುಲವಾಗಿ ತಳ್ಳಿದರು. ತೀರ್ಥರೂಪರು ಆ ದಪ್ಪ ಕಾಗದದ ಅಂಚನ್ನು ಪಾಯಿಂಟುಗಳ ನಡುವೆ ಇಟ್ಟು, ಅಷ್ಟೇ ಅಂತರ ಬಿಟ್ಟು ತಿರುಪನ್ನು ಬಿಗಿದರು. ಮುಚ್ಚಳವಿಟ್ಟು ಕೀಲಿಯನ್ನು ತಿರುಗಿಸಿದಾಗ ಎಂಜಿನಿನಿಂದ ಬಂದ ಶಬ್ದದಷ್ಟು ಇಂಪಾದ ನಾದವನ್ನು ನಾವು ಆ ಮೇಲೆ ಕೇಳಿದ್ದಿಲ್ಲ. ಬೆಳಗಿನ ಜಾವ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಕ್ಷೇಮ.

ಇಂತಹ ಕೈಪಿಡಿಗಳು ಪಶ್ಚಿಮದೇಶಗಳಲ್ಲಿ ಲಕ್ಷಾಂತರ ಮನೆಗಳ ಸ್ವತ್ತಾಗಿದ್ದವು. ಅಮೆರಿಕದಲ್ಲಿ ಚಿಲ್ಟನ್ ಹೆಸರಿನವು, ಇಂಗ್ಲೆಂಡಿನಲ್ಲಿ ಹೇನ್ಸ್ ಹೆಸರಿನವು ಪ್ರಸಿದ್ಧ. ನಮ್ಮ ನೆರೆಯ ಸಿಂಹಳದಲ್ಲಿ ಹುಟ್ಟಿದ ಜಾನ್ ಹೇನ್ಸ್ ಎಂಬ ಆಂಗ್ಲೇಯನು, ಇನ್ನೂ ಶಾಲೆಯಲ್ಲಿ ಓದುತ್ತಿದ್ದಾಗಲೇ, ಹಳೆಯ ಆಸ್ಟಿನ್ ಸೆವೆನ್ ಗಾಡಿಯನ್ನು ಮಾರ್ಪಡಿಸುವ ಬಗೆಯನ್ನು ಕುರಿತು ಒಂದು ಕಿರುಹೊತ್ತಗೆಯನ್ನು ಬರೆದು ಮಾರಿದನು. ಬಳಿಕ ವಾಯುಸೇನೆಯಲ್ಲಿದ್ದು ಏಡನ್ನಿನಲ್ಲಿ ನೆಲೆಸಿದ್ದಾಗ, ಸ್ನೇಹಿತನೊಬ್ಬನ ಸ್ಪ್ರೈಟ್ ಗಾಡಿಯ ಎಂಜಿನನ್ನು ಪೂರ್ತಿ ಬಿಚ್ಚಿ ಜೋಡಿಸುತ್ತ, ಹಂತಹಂತಕ್ಕೂ ಛಾಯಾಚಿತ್ರ ತೆಗೆದನು. ಅದರಿಂದ ಅವನ ಮೊದಲ ದುರಸ್ತಿಯ ಕೈಪಿಡಿ 1966ರಲ್ಲಿ ಹೊರಬಿದ್ದಿತು. ಗಾಡಿಯನ್ನು ನಿಜವಾಗಿಯೂ ಬಿಚ್ಚಿ, ನಿಜವಾಗಿಯೂ ಜೋಡಿಸಿ, ಕಂಡುದನ್ನು ಕಂಡಂತೆ ಬರೆಯುವುದೇ ಆ ಪುಸ್ತಕಗಳ ಕ್ರಮ. ಜಗತ್ತಿನಲ್ಲಿ ಅವುಗಳ ಇಪ್ಪತ್ತು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದುವು. ಹೇನ್ಸ್ 2019ರಲ್ಲಿ ತೀರಿಕೊಂಡನು. ಮರುವರ್ಷ, 2020ರ ಡಿಸೆಂಬರಿನಲ್ಲಿ, ಹಳೆಯ ಕೈಪಿಡಿಗಳನ್ನು ಅಚ್ಚುಮಾಡುತ್ತಿದ್ದರೂ ಹೊಸ ಗಾಡಿಗಳಿಗೆ ಇನ್ನು ಅಚ್ಚಿನ ಕೈಪಿಡಿಗಳನ್ನು ಹೊರಡಿಸುವುದಿಲ್ಲವೆಂದು ಆ ಸಂಸ್ಥೆ ಪ್ರಕಟಿಸಿತು.

ಹೀಗೇಕಾಯಿತು? ಜನರು ಸೋಮಾರಿಗಳಾದರೆಂದು ಹೇಳಿಬಿಡುವುದು ಸುಲಭ. ಆದರೆ ಅದು ನ್ಯಾಯವಲ್ಲ. ಗಾಡಿಯೇ ಬದಲಾಯಿತು. ನಮ್ಮ ದೇಶದಲ್ಲಿ 2000ದ ಸುಮಾರಿಗೆ ಹೊಗೆಯ ಕಟ್ಟಳೆಗಳು ಬಿಗಿಯಾದಂತೆ ಕಾರ್ಬೊರೇಟರು ಹೋಗಿ, ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಟರುಗಳೂ ಅವುಗಳನ್ನು ಆಳುವ ಗಣಕಯಂತ್ರವೂ ಬಂದುವು. 2020ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆಲ್ಲ ಭಾರತ್ ಸ್ಟೇಜ್ 6ರ ಕಟ್ಟಳೆ ವಿಧಿಸಲ್ಪಟ್ಟಿತು. ಈಗ ಗಾಡಿಯೇ ತನ್ನ ರೋಗವನ್ನು ತಾನು ಗುರುತಿಸಿ ಒಂದು ಸಂಕೇತಾಂಕವನ್ನು ಬರೆದಿಟ್ಟುಕೊಳ್ಳುವುದು; ಅದನ್ನು ಓದಲು ಸ್ಕ್ಯಾನರ್ ಬೇಕು. ಕೆಲವು ಗಾಡಿಗಳಲ್ಲಿ ಹಿಂದಿನ ಬ್ರೇಕ್ ಪ್ಯಾಡ್ ಬದಲಿಸಬೇಕಾದರೂ ಮೊದಲು ಗಣಕಯಂತ್ರಕ್ಕೆ ಅಪ್ಪಣೆಕೊಟ್ಟು ವಿದ್ಯುತ್ತಿನ ಪಾರ್ಕಿಂಗ್ ಬ್ರೇಕನ್ನು ಸಡಿಲಿಸಬೇಕು. ಕೆಲವದರಲ್ಲಿ ಹೊಸ ಬ್ಯಾಟರಿಯನ್ನು ಹಾಕಿದ ಸಂಗತಿಯನ್ನು ಕೂಡ ಅದಕ್ಕೆ ಅರಿಕೆಮಾಡಬೇಕು. ಒಂದೇ ಹೆಸರಿನ ಗಾಡಿಯಲ್ಲಿ ಹತ್ತಾರು ಬಗೆ. ಗಣಕಯಂತ್ರದೊಳಗಿನ ಆದೇಶಗಳೂ ಆಗಾಗ ಬದಲಾಗುವುವು. ಅಚ್ಚಾದ ಹಾಳೆ ಇವುಗಳ ಹಿಂದೆ ಎಷ್ಟು ದೂರ ಓಡೀತು?

ಹೊಸ ಗಾಡಿಗಳನ್ನು ಹಳಿಯುವುದೂ ನಮ್ಮ ಉದ್ದೇಶವಲ್ಲ. ಪದ್ಮಿನಿಯ ಪಾಯಿಂಟುಗಳನ್ನು ಕೆಲವು ಸಾವಿರ ಕಿಲೋಮೀಟರಿಗೊಮ್ಮೆ ನೋಡಲೇಬೇಕಾಗಿತ್ತು. ಇಂದಿನ ಗಾಡಿಯಲ್ಲಿ ಸವೆಯುವುದಕ್ಕೆ ಪಾಯಿಂಟುಗಳೇ ಇಲ್ಲ. ಆ ರಾತ್ರಿ ಅಕ್ಕ ಇಂದಿನ ಗಾಡಿಯಲ್ಲಿದ್ದಿದ್ದರೆ ಅದು ಪ್ರಾಯಶಃ ಮಂಡಗದ್ದೆಯ ಕಾಡಿನಲ್ಲಿ ನಿಲ್ಲುತ್ತಲೇ ಇರಲಿಲ್ಲ. ಪುಸ್ತಕವು ನಮ್ಮನ್ನು ಕಾಪಾಡಿತೆಂಬುದು ಎಷ್ಟು ನಿಜವೋ, ಅಂತಹ ಪುಸ್ತಕ ಬೇಕಾಗುವಂತಹ ಗಾಡಿ ಅದಾಗಿತ್ತೆಂಬುದೂ ಅಷ್ಟೇ ನಿಜ.

ಹಾಗಾದರೆ ನಾವು ಕಳೆದುಕೊಂಡುದೇನು? ಇದಕ್ಕೆ ಉತ್ತರವು ಆ ಮನೆ ತೆರವುಮಾಡುವ ಸಂದರ್ಭದಲ್ಲಿಯೇ ನಮಗೆ ದೊರೆಯಿತು.

ತೀರ್ಥಹಳ್ಳಿಗೆ ಹೊರಡುವ ಒಂದು ವಾರ ಮುಂಚೆ, ನಮ್ಮ 2021ರ ಕಾರಿನಲ್ಲಿ ಎಂಜಿನಿನ ಚಿತ್ರವುಳ್ಳ ಕಿತ್ತಳೆ ಬಣ್ಣದ ದೀಪ ಹೊತ್ತಿಕೊಂಡಿತು. ಗಾಡಿಯೊಡನೆ ಬಂದಿದ್ದ ಪುಸ್ತಕವನ್ನು ತೆಗೆದು ನೋಡಿದೆವು. ಹಾಡು ಕೇಳುವ ಯಂತ್ರಕ್ಕೆ ಅದರಲ್ಲಿ ಹಲವಾರು ಪುಟಗಳು. ಈ ದೀಪಕ್ಕೆ ನಾಲ್ಕೇ ಸಾಲು. ಆ ನಾಲ್ಕರ ಸಾರಾಂಶ, ವರ್ಕ್‌ಷಾಪಿಗೆ ಹೋಗಿರೆಂಬುದು. ಹೋದೆವು. ಅಲ್ಲಿಯ ಯುವಕನು ಸ್ಕ್ಯಾನರನ್ನು ಸಿಕ್ಕಿಸಿ ಪಿ 0135 ಎಂದು ಓದಿದನು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಒಂದು ಸೆನ್ಸರ್ ಉಂಟು; ಅದನ್ನು ಬಿಸಿಮಾಡುವ ವಿದ್ಯುನ್ಮಾರ್ಗದಲ್ಲಿ ದೋಷವಿದೆಯೆಂದು ಇದರ ಅರ್ಥ. ಸೆನ್ಸರನ್ನು ಬದಲಿಸಿದರು, ಹಲವು ಸಾವಿರ ರೂಪಾಯಿ ತೆತ್ತೆವು, ದೀಪ ಆರಿತು. ನಾಲ್ಕೇ ದಿನ. ಮಾತೃಶ್ರೀಯವರ ಮನೆಯ ಅಂಗಳವನ್ನು ಸೇರುವ ಹೊತ್ತಿಗೆ ಅದು ಮತ್ತೆ ಉರಿಯುತ್ತಿತ್ತು.

ಅಂದು ಮನೆಯಲ್ಲಿ ಕೈನೆರವಿಗೆ ಬಂದಿದ್ದವಳು ಆ ಮಳೆಯ ರಾತ್ರಿ ಹುಟ್ಟಿದ ಅಕ್ಕನ ಮಗಳು. ಶಿವಮೊಗ್ಗದಲ್ಲಿ ಬ್ಯಾಂಕಿನ ಉದ್ಯೋಗದಲ್ಲಿರುವ ಅವಳಿಗೆ ಎಂಜಿನಿನ ವಿಷಯ ಒಂದಿಷ್ಟೂ ತಿಳಿಯದು. ತನ್ನ ಜನ್ಮಕ್ಕೆ ಸಂಬಂಧಪಟ್ಟ ಆ ಪುಸ್ತಕವನ್ನು ಜಗಲಿಯಲ್ಲಿ ಕುಳಿತು ಕುತೂಹಲದಿಂದ ತಿರುವಿಹಾಕುತ್ತಿದ್ದಳು. ನಮ್ಮ ಗೋಳನ್ನು ಕೇಳಿ, "ಮಾವ, ಅವರು ಮೊದಲು ನೋಡಿದರೋ, ಮೊದಲೇ ಬಿಚ್ಚಿದರೋ?" ಎಂದಳು. ನಮಗೆ ಉತ್ತರ ತೋಚಲಿಲ್ಲ. ಅವಳು ಮೊಬೈಲಿನಲ್ಲಿ ಒಂದೆರಡು ವೀಡಿಯೋಗಳನ್ನು ನೋಡಿದಳು; ಒಂದರಲ್ಲಿದ್ದುದು ಬೇರೆ ಎಂಜಿನು; ಮತ್ತೊಂದರಲ್ಲಿ ಆ ಸೆನ್ಸರ್ ಇರುವ ಸ್ಥಳ ಮಾತ್ರ ಸ್ಪಷ್ಟವಾಯಿತು. ಎಂಜಿನು ಪೂರ್ತಿ ತಣ್ಣಗಾಗುವವರೆಗೆ ಕಾದು, ಟಾರ್ಚು ಹಿಡಿದು, ಸೆನ್ಸರಿನಿಂದ ಹೊರಟ ತಂತಿಯ ಜಾಡನ್ನು ಕಣ್ಣಿನಿಂದಲೇ ಹಿಡಿದುಹೋದಳು. ಸುಮಾರು ಒಂದು ಗೇಣು ದೂರದಲ್ಲಿ ತಂತಿಯ ಹೊದಿಕೆ ಹರಿದು, ಒಳಗಿನ ತಾಮ್ರದ ಎಳೆಗಳು ಎರಡೋ ಮೂರೋ ಮಾತ್ರ ಉಳಿದಿದ್ದವು. ಪಕ್ಕದಲ್ಲಿಯೇ ಇಲಿಯ ಹಿಕ್ಕೆ. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನಿನ ಬಳಿ ಇಲಿ ಸೇರುವುದೆಂಬುದನ್ನು ಯಾರು ಅರಿಯರು? ಗಾಡಿ ಅಲುಗಿದಾಗ ಸಂಪರ್ಕ ತಪ್ಪುತ್ತಿತ್ತು, ನಿಂತಾಗ ಕೂಡುತ್ತಿತ್ತು. ಊರಿನ ಎಲೆಕ್ಟ್ರಿಷಿಯನ್ನನು ಬಂದು ತಂತಿಯನ್ನು ಬೆಸೆದು, ಹೊದಿಕೆ ಸುತ್ತಿ, ಸಂಕೇತವನ್ನು ಅಳಿಸಿಕೊಟ್ಟನು. ಆ ದೀಪ ಆಮೇಲೆ ಹೊತ್ತಿಲ್ಲ.

ಸ್ಕ್ಯಾನರ್ ಸುಳ್ಳು ಹೇಳಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ವಿದ್ಯುನ್ಮಾರ್ಗದಲ್ಲಿ ದೋಷವಿದೆಯೆಂದು ಅದು ಸರಿಯಾಗಿಯೇ ಹೇಳಿತ್ತು. ದೋಷಕ್ಕೆ ಕಾರಣವೇನೆಂದು ಹೇಳಿರಲಿಲ್ಲ. ಆ ಕಾರಣವನ್ನು ಹುಡುಕುವ ಕ್ರಮವನ್ನೇ ಹಳೆಯ ಕೈಪಿಡಿಯು ಓದುಗನಿಗೆ ಕಲಿಸುತ್ತಿತ್ತು: ಸುಲಭವಾದುದನ್ನು ಮೊದಲು, ಕಷ್ಟವಾದುದನ್ನು ಆಮೇಲೆ, ಬೆಲೆಯಿಲ್ಲದ ಪರೀಕ್ಷೆ ಮೊದಲು, ಬೆಲೆಯುಳ್ಳ ಭಾಗ ಕಡೆಗೆ. ಪದ್ಮಿನಿಯ ಬೋಲ್ಟುಗಳ ವಿವರ ಇಂದು ಕೆಲಸಕ್ಕೆ ಬಾರದು. ಆ ಕ್ರಮ ಇಂದಿಗೂ ಬರುವುದು. ನಾವು ಕಳೆದುಕೊಂಡುದು ಪುಸ್ತಕಕ್ಕಿಂತ ಹೆಚ್ಚಾಗಿ ಈ ಅಭ್ಯಾಸವನ್ನು. ನಮ್ಮ ಗಾಡಿಯನ್ನು ನಾವು ತಿಳಿಯಬಲ್ಲೆವೆಂಬ ಧೈರ್ಯ ಅದರೊಡನೆ ಹೋಯಿತು.

ಇದರಲ್ಲಿ ಹಕ್ಕಿನ ಪ್ರಶ್ನೆಯೂ ಇದೆ. ದುರಸ್ತಿಯ ವಿವರಗಳನ್ನು ಗಾಡಿಯ ತಯಾರಕರು ತಮ್ಮ ವರ್ಕ್‌ಷಾಪುಗಳಲ್ಲಿಯೇ ಬಚ್ಚಿಟ್ಟುಕೊಂಡರೆ, ಒಡೆಯನು ಹಣ ಕೊಟ್ಟೂ ಪರಾಧೀನನಾಗುವನು. ತೀರ್ಥಹಳ್ಳಿಯಂತಹ ಊರುಗಳ ಸಣ್ಣ ಗ್ಯಾರೇಜಿನವರ ಅನ್ನಕ್ಕೂ ಸಂಚಕಾರ ಬರುವುದು. ಅಮೆರಿಕದ ಮೆಸಾಚುಸೆಟ್ಸ್ ಸಂಸ್ಥಾನದ ಜನರು 2012ರಲ್ಲಿ ಮತಚಲಾಯಿಸಿ, ಈ ವಿವರಗಳನ್ನು ಒಡೆಯರಿಗೂ ಸ್ವತಂತ್ರ ಗ್ಯಾರೇಜುಗಳಿಗೂ ಒದಗಿಸತಕ್ಕದ್ದೆಂಬ ಶಾಸನಕ್ಕೆ ಒಪ್ಪಿಗೆಯಿತ್ತರು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರಲ್ಲಿ ದುರಸ್ತಿಯ ಹಕ್ಕಿನ ವಿಷಯವಾಗಿ ಸಮಿತಿಯೊಂದನ್ನು ನೇಮಿಸಿ, ತಯಾರಕರು ವಿವರಗಳನ್ನು ಒಂದೆಡೆ ಒದಗಿಸುವ ಏರ್ಪಾಟನ್ನು ಆರಂಭಿಸಿತು. ಬಳಸುವ ಜನರು ಕೇಳದಿದ್ದರೆ ಇಂತಹ ಏರ್ಪಾಟುಗಳು ಹೆಸರಿಗಷ್ಟೇ ಉಳಿದಾವು.

ಮನೆಯವರೇ ಮಾಡಬಹುದಾದ ಕೆಲಸಗಳು ಈಗಲೂ ಸಾಕಷ್ಟಿವೆ. ಚಕ್ರದ ಗಾಳಿಯನ್ನು ಅಳೆಯುವುದು. ಎಂಜಿನಿನ ಎಣ್ಣೆಯ ಮಟ್ಟವನ್ನು ಕಡ್ಡಿಯಿಂದ ನೋಡುವುದು. ಎಂಜಿನು ತಣ್ಣಗಿರುವಾಗ ಕೂಲೆಂಟಿನ ಮಟ್ಟವನ್ನು ನೋಡುವುದು. ಗಾಳಿಯ ಫಿಲ್ಟರನ್ನು ತೆಗೆದು ದೂಳು ಕೊಡಹುವುದು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಾನೆಟ್ಟನ್ನೆತ್ತಿ ಇಲಿಯ ಗುರುತು ಹುಡುಕುವುದು. ಹೆಂಗಸರು ಗಂಡಸರೆನ್ನದೆ ಯಾರು ಬೇಕಾದರೂ ಇವನ್ನು ಕಲಿಯಬಹುದು. ಆದರೆ ಏರ್‌ಬ್ಯಾಗಿನ ತಂಟೆಗೆ ಹೋಗಬಾರದು. ವಿದ್ಯುತ್ತಿನಿಂದ ಓಡುವ ಗಾಡಿಗಳ ಕಿತ್ತಳೆ ಬಣ್ಣದ ದಪ್ಪ ತಂತಿಗಳನ್ನು ಮುಟ್ಟಲೇಬಾರದು, ಅವು ಪ್ರಾಣಾಪಾಯಕರ. ವರ್ಕ್‌ಷಾಪಿಗೆ ಹೋದಾಗ ಸಂಕೇತಾಂಕವನ್ನು ಕೇಳಿ ಬರೆದುಕೊಳ್ಳಿರಿ. ಭಾಗವನ್ನು ಬದಲಿಸುವ ಮುನ್ನ ತಂತಿಯನ್ನು ನೋಡಿದಿರಾ ಎಂದು ವಿನಯದಿಂದಲೇ ಕೇಳಿರಿ. ಕೇಳಿದ್ದರಿಂದ ನಷ್ಟವಾದವರಿಲ್ಲ, ಕೇಳದೆ ನಷ್ಟಪಟ್ಟವರಲ್ಲಿ ನಾವೇ ಒಬ್ಬರು.

ಇನ್ನು ಪುಸ್ತಕದ ಗತಿ. ಮುಂಬಯಿಯ ಬೀದಿಗಳಿಂದ ಕಡೆಯ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರಿನಲ್ಲಿ ಮರೆಯಾಯಿತು. ಆದರೂ ಶಿವಮೊಗ್ಗದಲ್ಲಿ ಸದ್ಗೃಹಸ್ಥರೊಬ್ಬರು ತಮ್ಮ ಪದ್ಮಿನಿಯನ್ನು ಇನ್ನೂ ಪ್ರೀತಿಯಿಂದ ಸಾಕಿಕೊಂಡಿರುವರೆಂದು ಅಕ್ಕನ ಮಗಳು ತಿಳಿಸಿದಳು. ನೆನಪಿಗೆಂದು ಕಪಾಟಿನಲ್ಲಿಟ್ಟರೆ ಅದು ಗೆದ್ದಲಿನ ಪಾಲಾಗುವುದು. ಅವರಲ್ಲಿದ್ದರೆ ಅದರ ಮೇಲೆ ಇನ್ನೂ ಎಣ್ಣೆ ಮೆತ್ತುವುದು. ಮಾತೃಶ್ರೀಯವರಿಗೂ ಇದೇ ಸರಿಯೆಂದು ತೋರಿತು. ಕೊಡುವ ಮುನ್ನ ಹೊದಿಕೆಯ ಬಿಚ್ಚಿದ್ದ ಹೊಲಿಗೆಯನ್ನು ಅವರೇ ಕುಳಿತು ಹಾಕಿಕೊಟ್ಟರು.

ಅಕ್ಕನ ಮಗಳು ಅಂಚಿನ ಬರಹಗಳನ್ನೆಲ್ಲ ಒಂದು ನೋಟುಪುಸ್ತಕಕ್ಕೆ ಇಳಿಸಿಕೊಂಡಳು. ಅಂತಹದೇ ಮತ್ತೊಂದು ನೋಟುಪುಸ್ತಕ ಈಗ ನಮ್ಮ ಕಾರಿನಲ್ಲಿಯೂ ಇದೆ. ಅದರ ಮೊದಲ ಬರಹ ಅವಳದೇ: ತಾರೀಖು, ಓಡಿದ ಕಿಲೋಮೀಟರು, ಪಿ 0135, ಸೆನ್ಸರಿನಿಂದ ಒಂದು ಗೇಣು ದೂರದಲ್ಲಿ ತಂತಿಯನ್ನು ಇಲಿ ಕಡಿದಿತ್ತು.